ಹನ್ನೆರಡು ದೀಪಗಳ ಅಳಿಯ

ನವೆಂಬರ್ ೩, ಆದಿತ್ಯವಾರ

ಪ್ರತೀಕ್ ಅಂತೂ ಒಪ್ಪಿದ. ಮುಂದಿನ ಕರಪತ್ರ ನನ್ನದು! ನಾನೇ ಬರೆಯುವುದು!

ನಾಲ್ಕು ವರ್ಷಗಳಿಂದ ಕಿಡಿ ಬಳಗದ ಕರಪತ್ರಗಳನ್ನು ಮಡಚಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಹಂಚಿದ್ದೇನೆ, ಮಳೆಗೆ ಒದ್ದೆಯಾದಾಗ ಇಸ್ತ್ರಿ ಹಾಕಿ ಒಣಗಿಸಿದ್ದೇನೆ. ನನಗೆ ತಿಳಿದಿರುವುದೆಲ್ಲ ಕರಪತ್ರಗಳಿಂದಲೇ ತಿಳಿದದ್ದು. ಆದರೆ ಅವುಗಳಲ್ಲಿ ಒಂದು ವಾಕ್ಯವೂ ನನ್ನದಲ್ಲ. ಬಳಗದಲ್ಲಿ ಇರುವವರು ನಾವು ಮೂವರು: ಮಣಿಪಾಲದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಪ್ರತೀಕ್, ಅವನ ರೂಮಿನ ಪ್ರಖ್ಯಾತ್, ಮತ್ತೆ ನಾನು, ಜೆರಾಕ್ಸ್ ಅಂಗಡಿಯ ಅಕ್ಷಿತಾ. ಅವರು ಬರೆಯುತ್ತಾರೆ, ನಾನು ಮಡಚುತ್ತೇನೆ. ಇದಕ್ಕೆ ಶ್ರಮವಿಭಜನೆ ಎಂದು ಹೆಸರಂತೆ.

ವಿಷಯ ಇಷ್ಟು. ಕಾಪುವಿನ ಓದುಗರ ಕೂಟದವರು ‘ಹನ್ನೆರಡು ದೀಪಗಳ ನಾಡು’ ಎಂಬ ಹಳೆಯ ಕಾದಂಬರಿಯನ್ನು ಪ್ರತಿ ಆದಿತ್ಯವಾರ ಕೂತು ಓದುತ್ತಾರಂತೆ. ಡಿಸೆಂಬರ್ ಎಂಟಕ್ಕೆ ದೊಡ್ಡ ಚರ್ಚೆ, ಊರಿನವರೆಲ್ಲ ಬರುತ್ತಾರೆ. ಯಾವುದೋ ಚಳಿದೇಶದವರು ಯಾವುದೋ ಕಾಲದಲ್ಲಿ ಬರೆದದ್ದು, ಕನ್ನಡಕ್ಕೂ ಬಂದು ತುಂಬ ವರ್ಷವಾಗಿದೆ. ರಾಜ, ಸಿಂಹಾಸನ, ಖಡ್ಗ, ವಿಧಿ. ಅಂದರೆ ವಿಷ! ಅದನ್ನು ಸೀಳಿ ಹಾಕುವ ಕರಪತ್ರ ಆ ದಿನ ಸಭೆಯಲ್ಲಿ ಹಂಚಬೇಕು. ಆಗಲಿಲ್ಲವೆಂದರೆ ಬರೆಯುವ ಕೆಲಸ ಪ್ರಖ್ಯಾತನಿಗೆ, ನಾನು ಮತ್ತೆ ಮಡಚುವುದಕ್ಕೆ.

"ಓದಿ ಸಮಯ ಹಾಳು ಮಾಡಬೇಡ, ಹಿಂದಿನ ರಟ್ಟಿನ ಮೇಲಿರುವುದು ನೋಡಿದರೆ ಸಾಕು" ಎಂದ ಪ್ರತೀಕ್. ನಾನು ಓದುತ್ತೇನೆ. ಶತ್ರುವಿನ ಮನೆಯೊಳಗೆ ಕಾಲಿಡದೆ ಅವನ ಅಡಿಪಾಯ ಅಲುಗಿಸುವುದು ಹೇಗೆ?

ನವೆಂಬರ್ ೬, ಬುಧವಾರ

ನೂರು ಪುಟ ಆಯಿತು. ಬರೇ ನಡೆಯುತ್ತಾರೆ. ಗುಡ್ಡ ಹತ್ತುತ್ತಾರೆ, ಗುಡ್ಡ ಇಳಿಯುತ್ತಾರೆ, ರೊಟ್ಟಿ ತಿನ್ನುತ್ತಾರೆ.

ಅಂಗಡಿಯ ಯಜಮಾನ್ತಿ ಆಲಿಸ್ ಬಾಯಿ ಪುಸ್ತಕ ಕಂಡದ್ದೇ ಕನ್ನಡಕ ತೆಗೆದು ನಕ್ಕರು. ಕಾಲೇಜಿನಲ್ಲಿ ಇರುವಾಗ ಮೂರು ಸಲ ಓದಿದ್ದರಂತೆ. "ಮೂರು ಸಲವೂ ಸಿಟ್ಟು ಬಂತು ಮಾರಾಯ್ತಿ. ಆ ಈಲಾ ರಾಜಕುಮಾರಿ ಆರುನೂರು ಪುಟ ಕಿಟಕಿಯಲ್ಲೇ ನಿಲ್ಲುತ್ತಾಳಲ್ಲ, ಅವಳಿಗೆ ಕಾಲು ನೋಯುವುದಿಲ್ವಾ? ಒಂದು ಕುರ್ಚಿ ಕೊಡಲಿಕ್ಕೆ ಬರೆದವರಿಗೆ ಎಂತ ಕಷ್ಟ?"

ಒಳ್ಳೆಯ ಅಂಶ. ಟಿಪ್ಪಣಿ ಮಾಡಿಕೊಂಡೆ: ಸ್ತ್ರೀಯನ್ನು ನಿಲ್ಲಿಸಿ ಇಡುವ ವ್ಯವಸ್ಥೆ.

ಇದೊಂದು ಮಾತ್ರ ಹೇಳಬೇಕು. ಆ ದೀಪಗಳ ಯೋಚನೆ ಅಷ್ಟೇನೂ ಕೆಟ್ಟದಲ್ಲ. ಕಪ್ಪು ಕಡಲು ನಾಡನ್ನು ನುಂಗದ ಹಾಗೆ ತೀರದಲ್ಲಿ ಹನ್ನೆರಡು ದೀಪಸ್ತಂಭಗಳು. ಒಂದೊಂದಾಗಿ ಆರುತ್ತಿವೆ. ಯಾಕೆ ಆರುತ್ತಿವೆ ಎಂದು ಇನ್ನೂ ಹೇಳಿಲ್ಲ. ಹೇಳಬೇಕಿತ್ತು.

ನವೆಂಬರ್ ೧೦, ಆದಿತ್ಯವಾರ

ಕಾಪುವಿಗೆ ಹೋಗಿ ಬಂದೆ. ಗೂಢಚಾರಿಣಿಯ ಹಾಗೆ ಹಿಂದಿನ ಸಾಲಿನಲ್ಲಿ ಕೂತೆ. ಕೂತು ಐದು ನಿಮಿಷವಾಗಲಿಲ್ಲ, ಗೂಢಚರ್ಯೆ ಮುಗಿಯಿತು, ಬಾಯಿ ತೆರೆದುಬಿಟ್ಟೆ.

ಕೂಟ ನಡೆಸುವುದು ದೇವದಾಸಣ್ಣ. ಅರುವತ್ತು ದಾಟಿದವರು, ದೋಣಿಯಲ್ಲಿ ದುಡಿದ ದೇಹ. ಅವರಿಗೆ ಪುಸ್ತಕದ ಮೇಲೆ ಒಂದೇ ಆಕ್ಷೇಪ: "ಇದನ್ನು ಬರೆದವರು ಕಡಲು ನೋಡಿದವರಲ್ಲ. ಗಾಳಿ ತೆಂಕಿನಿಂದ ಬೀಸುವಾಗ ಅಲೆ ಬಡಗಿನಿಂದ ಬರುತ್ತದಾ? ದೀಪ ಆರಿದ್ದು ಮಾಟದಿಂದ ಅಲ್ಲ, ಇಂಥವರನ್ನು ನಂಬಿದ್ದರಿಂದ." ಆದರೂ ಅವರಿಗೆ ಪುಟಗಟ್ಟಲೆ ಬಾಯಿಪಾಠ ಬರುತ್ತದೆ.

ಇನ್ನೊಬ್ಬ ಇದ್ದಾನೆ, ಕರಿಬಸವ. ಗದಗದ ಕಡೆಯವರು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದಾಗ ಇವನು ಕೈಕೂಸು. ಈಗ ಹಾಸ್ಟೆಲುಗಳ ಲಿಫ್ಟ್ ರಿಪೇರಿ ಮಾಡುತ್ತಾನೆ. ನಮ್ಮ ಹಾಗೆಯೇ ಮಾತಾಡುತ್ತಾನೆ, ಸಿಟ್ಟು ಬಂದರೆ, ಮೈಮರೆತರೆ ಗದಗ ಹೊರಗೆ ಬರುತ್ತದೆ. ನಾನು "ರಾಜರ ಕಥೆಗಳೆಲ್ಲ ಅಫೀಮು" ಎಂದದ್ದಕ್ಕೆ ಅವನಿಗೆ ಸಿಟ್ಟು ಬಂತು.

"ಎಷ್ಟು ಪುಟ ಓದೀರಿ?"

"ನೂರ ನಲುವತ್ತು."

"ಒಂಬತ್ನೂರು ಪುಟದಾಗ ನೂರ ನಲ್ವತ್ತು! ಲಿಫ್ಟು ಒಂದನೇ ಮಹಡಿಗೂ ಬಂದಿಲ್ಲ, ಟೆರೇಸಿನ ಸುದ್ದಿ ಹೇಳಾಕ ಹತ್ತೀರಲ್ಲ! ಕಡೀಕ ತೇರಿಲ್ ಏನು ಮಾಡ್ತಾನ ಗೊತ್ತೇನು?"

ಕಿವಿ ಮುಚ್ಚಿಕೊಂಡೆ. ಕಥೆ ಮೊದಲೇ ತಿಳಿದರೆ ವಿಮರ್ಶೆ ನಿಷ್ಪಕ್ಷವಾಗಿ ಇರುವುದಿಲ್ಲ.

ನವೆಂಬರ್ ೧೩, ಬುಧವಾರ

ಉಡುಪಿಯಿಂದ ಮನೆಗೆ ಬರುವಾಗ ಕೆಮ್ಮಣ್ಣಿನ ಬಸ್ಸಿನಲ್ಲಿ ಓದುತ್ತಾ ಕೂತವಳು ಇಳಿಯಲು ಮರೆತು ಹೂಡೆಗೆ ಹೋಗಿ ಕಡಲು ನೋಡಿದೆ. ಕಂಡಕ್ಟರ್, "ಎಂತ, ಪರೀಕ್ಷೆಯಾ?" ಎಂದು ಕೇಳಿದ. ಹೋರಾಟ ಎಂದೆ.

ವಿಷಯ ಅದಲ್ಲ. ವಿಷಯ ಇದು: ಆರಿದ ದೀಪಗಳನ್ನು ಹಚ್ಚಲು ಮುದಿ ರಾಜ ವೊರಾನ್ ಕಳಿಸುವ ತೇರಿಲ್ ಇದ್ದಾನಲ್ಲ, ಅವನು ರಾಜನ ಮಗನಲ್ಲ. ಅಳಿಯ! ಪುಟಪುಟದಲ್ಲೂ ‘ರಾಜನ ಅಳಿಯನಾದ ತೇರಿಲ್’ ಎಂದೇ ಉಂಟು. ಅಂದರೆ ರಾಜನ ಅಕ್ಕನ ಮಗ. ಅಂದರೆ ಆ ನಾಡು ಹೆಂಗಸಿನ ಕಡೆಯಿಂದ ಇಳಿಯುವ ನಾಡು! ನಮ್ಮ ಅಳಿಯಕಟ್ಟು! ನಮ್ಮ ಮನೆ ಅಜ್ಜಿಯಿಂದ ಅಮ್ಮನಿಗೆ ಬಂದ ಹಾಗೆ! ಯಾವುದೋ ಮಂಜಿನ ದೇಶದವರು ಕೂತು ಕೆಮ್ಮಣ್ಣಿನ ನ್ಯಾಯವನ್ನು ಬರೆದಿದ್ದಾರೆ!

ಹೀಗಿರುವಾಗ ರಾಜನ ಮಗ ಓರ್ಮ ಸಿಂಹಾಸನಕ್ಕೆ ಕಣ್ಣು ಹಾಕುವುದು ಶುದ್ಧ ಕಳ್ಳತನ. ಪುಸ್ತಕ ವಿಷ ಹೌದು, ಆದರೆ ವಿಷದೊಳಗೆ ಮದ್ದು ಉಂಟು. ಕರಪತ್ರದ ದಿಕ್ಕು ಸ್ವಲ್ಪ ಬದಲಿಸಬೇಕು. ಸ್ವಲ್ಪವೇ.

ನವೆಂಬರ್ ೧೭, ಆದಿತ್ಯವಾರ

ಗಂಟಲು ಬಿದ್ದಿದೆ. ಎಂಥ ಜಗಳ!

ಮೊನ್ನೆ ಪೂರ್ತಿ ಓದಿ ಮುಗಿಸಿದ್ದೆ (ಆಲಿಸ್ ಬಾಯಿ ಅರ್ಧ ದಿನ ರಜೆ ಕೊಟ್ಟರು, ಮೂರು ಸಲ ಸಿಟ್ಟಾದವರಿಗೆ ಗೊತ್ತು). ತೇರಿಲ್ ಹನ್ನೊಂದು ದೀಪ ಹಚ್ಚಿ ತಿರುಗಿ ಬರುವಾಗ ರಾಜ ಸತ್ತಿದ್ದಾನೆ, ಓರ್ಮ ಸಿಂಹಾಸನದಲ್ಲಿ ಕೂತಿದ್ದಾನೆ. ಹಿಂದೆ ನಿಂತ ಸೈನ್ಯ "ಏರು, ಏರು" ಎಂದು ಕೂಗುತ್ತದೆ. ತೇರಿಲ್ ಖಡ್ಗವನ್ನು ಬಾಗಿಲಲ್ಲಿ ಇಟ್ಟು, ಹನ್ನೆರಡನೆಯ ದೀಪಕ್ಕೆ ಎಣ್ಣೆ ಹೊಯ್ಯಲು ಹೋಗುತ್ತಾನೆ. ಈಲಾ ಕಿಟಕಿ ಬಿಟ್ಟು ಇಳಿದು ಎಣ್ಣೆಯ ಇನ್ನೊಂದು ಕೊಡ ಎತ್ತಿಕೊಳ್ಳುತ್ತಾಳೆ. ಅಷ್ಟೇ. ಮುಗಿಯಿತು.

"ಹೆದರುಪುಕ್ಕ!" ಎಂದೆ ನಾನು. "ತಾಯಿಯ ಕಡೆಯಿಂದ ಬಂದ ಹಕ್ಕನ್ನು ಬಿಟ್ಟುಕೊಟ್ಟ!"

"ಅಳಿಯಗ ಎಂಥಾ ಹಕ್ಕ್ರೀ?" ಕರಿಬಸವ ಎದ್ದು ನಿಂತ. "ಅಳಿಯ ಅಂದ್ರ ಬಂದು ಉಂಡು ಎದ್ದು ಹೋಗಾಂವ. ಮಗ ಇದ್ದಾಗ ಅಳಿಯ ಗಾದಿ ಮ್ಯಾಲೆ ಕುಂತ್ರ ಊರಾಗ ಮಂದಿ ಉಗುಳೂದಿಲ್ಲೇನು?"

"ಅಳಿಯನಿಗಲ್ಲದೆ ಮತ್ತೆ ಯಾರಿಗೆ ಮಾರಾಯ?" ದೇವದಾಸಣ್ಣ ಮೇಜು ಕುಟ್ಟಿದರು. "ಮಗನಿಗಾ? ಮಗನಿಗೆ ಅವನ ಅಮ್ಮನ ಮನೆ ಇಲ್ವಾ?"

"ಹಂಗಾದ್ರ ಮಗ ಏನು ಮಾಡಬೇಕ್ರಿ? ಅಳಿಯನ ಬಟ್ಟಿ ಒಗೀಬೇಕೇನು?"

ಊಳಿಗಮಾನ್ಯ ಮನಸ್ಥಿತಿ ಎಂದು ಅವನ ಮುಖಕ್ಕೇ ಹೇಳಿದೆ. ಅವನು, ಹಾಗೆಂದರೆ ಏನು ಎಂದು ಕೇಳಿದ. ವಿವರಿಸುವಷ್ಟರಲ್ಲಿ ಚಹಾ ಬಂತು. ಅವನು ಕುಡಿಯದೆ ನನಗೆ ಲೋಟ ದಾಟಿಸಿದ, ಆದರೆ ಮುಖ ಆ ಕಡೆ ತಿರುಗಿಸಿಕೊಂಡು. ಇಂಥ ಹಟಮಾರಿಯನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಉಡುಪಿ ತನಕ ಅವನಿಗೆ ಹೇಳಬೇಕಾಗಿದ್ದ ಉತ್ತರಗಳೇ ತಲೆಗೆ ಬರುತ್ತಿದ್ದವು.

ನವೆಂಬರ್ ೨೧, ಗುರುವಾರ

ನಡೆದದ್ದನ್ನು ಸರಿಯಾಗಿ ಬರೆದಿಡುತ್ತೇನೆ.

ಕರಿಬಸವ ಅಂಗಡಿಗೆ ಬಂದಿದ್ದ, ಯಾವುದೋ ಲಿಫ್ಟಿನ ನಕ್ಷೆ ಜೆರಾಕ್ಸ್ ಮಾಡಿಸಲಿಕ್ಕೆ. ಈ ವಾರ ಇದು ಮೂರನೆಯ ನಕ್ಷೆ. ಮಣಿಪಾಲದ ಲಿಫ್ಟುಗಳೆಲ್ಲ ಒಮ್ಮೆಲೇ ಕೆಟ್ಟಿರಬೇಕು. ಮೆಷಿನ್ ಬಿಸಿಯಾಗುವ ತನಕ ನಾನು ನನ್ನ ಹೊಸ ವಾದ ಶುರು ಮಾಡಿದೆ: ಗೋಪುರದ ಮೆಟ್ಟಿಲಲ್ಲಿ ತೇರಿಲ್ ಈಲಾಳಿಗೆ ಮುತ್ತು ಕೊಡುವ ಭಾಗ. ಅರಮನೆಯ ನಡುವೆಯೇ, ಮದುವೆ ಗಿದುವೆ ಎಂಬ ಹಂಗಿಲ್ಲದೆ, ಯಾರಿಗೂ ಹೆದರದೆ! ಇದಕ್ಕಿಂತ ದೊಡ್ಡ ಬಂಡಾಯ ಯಾವ ಕರಪತ್ರದಲ್ಲಿದೆ?

ಅವನು ಕಣ್ಣು ಬಿಟ್ಟು ನೋಡಿದ. "ಗಂಡ ಹೆಂಡ್ತಿ ಮುತ್ತು ಕೊಟ್ರ ಬಂಡಾಯ ಏನ್ರೀ?"

"ಯಾರು ಗಂಡ?"

"ತೇರಿಲ್."

"ಯಾರಿಗೆ?"

"ಈಲಾಗ! ಅಳಿಯ ಅಂದ್ರ ಮಗಳ ಗಂಡ ಅಲ್ಲೇನು?"

"ಅಳಿಯ ಅಂದರೆ ಅಕ್ಕನ ಮಗ!"

ಮೆಷಿನ್ ಒಂದೇ ಹಾಳೆಯನ್ನು ಉಗುಳುತ್ತಾ ಹೋಯಿತು, ನಿಲ್ಲಿಸುವ ನೆನಪು ಯಾರಿಗೂ ಇರಲಿಲ್ಲ. ಆಲಿಸ್ ಬಾಯಿ ಕನ್ನಡಕ ತೆಗೆದರು. "ದೇವಾ, ಗಂಡನಾ? ಗಂಡನಿಗೆ ಕಾದದ್ದಾ ಅವಳು? ನಾನು ಇಷ್ಟು ವರ್ಷ ಪ್ರಿಯಕರ ಎಂದು ತಿಳಿದಿದ್ದೆ. ಗಂಡನಿಗೆ ಆರುನೂರು ಪುಟ ಕಾಯುವವರು ಯಾರು?"

ಅಂಗಡಿ ಮುಚ್ಚುವವರೆಗೆ ಇಬ್ಬರೂ ಪುಸ್ತಕ ತಡಕಾಡಿದೆವು. ಎಲ್ಲೂ ಮದುವೆ ಇಲ್ಲ, ರಾಜನ ಅಕ್ಕನೂ ಇಲ್ಲ. ‘ಅಳಿಯ’, ‘ಅಳಿಯ’, ‘ಅಳಿಯ’ ಅಷ್ಟೇ. ಅವನೊಂದು ಕಾದಂಬರಿ ಓದಿದ್ದಾನೆ, ನಾನೊಂದು. ರಟ್ಟು ಮಾತ್ರ ಒಂದೇ!

"ನಿಮ್ಮ ಪುಸ್ತಕದಾಗ ಆ ಮುತ್ತು ಭಾಳ ಛಲೋ ಇರಬೇಕು" ಎಂದ ಹೋಗುವಾಗ. ನಗು ತಡೆಯಲಾಗಲಿಲ್ಲ. ನಕ್ಷೆಯನ್ನು ಮರೆತು ಹೋಗಿದ್ದಾನೆ.

ನವೆಂಬರ್ ೨೪, ಆದಿತ್ಯವಾರ

ಕೂಟ ಎರಡಾಯಿತು. ಕಾಪು, ಉದ್ಯಾವರ, ಕಟಪಾಡಿಯವರೆಲ್ಲ ಅಕ್ಕನ ಮಗನ ಪಕ್ಷ. ಕರಿಬಸವ ಮಣಿಪಾಲದಿಂದ ತನ್ನ ಕಡೆಯ ಏಳೆಂಟು ಓದುಗರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದ, ಅವರೆಲ್ಲ ಮಗಳ ಗಂಡನ ಪಕ್ಷ. ದೇವದಾಸಣ್ಣ, "ಲಿಫ್ಟಿನವನೇ, ಸೈನ್ಯ ತಂದಿಯಾ? ಖಡ್ಗ ಬಾಗಿಲಲ್ಲಿ ಇಟ್ಟು ಬಾ" ಎಂದದ್ದಕ್ಕೆ ಎರಡೂ ಪಕ್ಷ ನಕ್ಕಿತು.

ಕೊನೆಗೆ ದೇವದಾಸಣ್ಣನೇ ಹೇಳಿದರು, ಕನ್ನಡಕ್ಕೆ ತಂದ ಅಪೊಲೋನಿಯಾ ಟೀಚರ್ ಕಾರ್ಕಳದಲ್ಲಿ ಇದ್ದಾರೆ, ಹೋಗಿ ಕೇಳಿ. ಎರಡೂ ಪಕ್ಷದಿಂದ ಒಬ್ಬೊಬ್ಬರು ಹೋಗುವುದೆಂದು ತೀರ್ಮಾನ. ಅವರ ಕಡೆಯಿಂದ ಕರಿಬಸವ. ನಮ್ಮ ಕಡೆಯಿಂದ ನಾನು ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದೆ, ಯಾಕೆಂದರೆ ಕರಪತ್ರಕ್ಕೆ ಪ್ರಮಾಣ ಬೇಕು.

ಕರಡು ಮುಗಿಯುತ್ತಾ ಬಂದಿದೆ. ಹದಿನಾಲ್ಕು ಪುಟ. ‘ತಾಯಿಯ ಸಿಂಹಾಸನ’ ಎಂದು ಹೆಸರು. ಟೀಚರ್ ಒಂದು ಮಾತು ಹೇಳಿದರೆ ಸಾಕು, ಅಚ್ಚಿಗೆ ಸಿದ್ಧ.

ಡಿಸೆಂಬರ್ ೧, ಆದಿತ್ಯವಾರ

ಮಗಳ ಗಂಡ.

ಡಿಸೆಂಬರ್ ೨, ಸೋಮವಾರ

ನಿನ್ನೆ ಅಷ್ಟೇ ಬರೆಯಲು ಆಯಿತು. ಇವತ್ತು ಉಳಿದದ್ದು.

ಟೀಚರ ಮನೆ ಆನೆಕೆರೆಯ ಹತ್ತಿರ. ಗೇಟಿನಲ್ಲೇ ಪ್ರಶ್ನೆ ಕೇಳಿಬಿಟ್ಟೆ, ಒಳಗೆ ಹೋಗುವ ತಾಳ್ಮೆ ಇರಲಿಲ್ಲ. ಅವರು ಹೂಕುಂಡದಿಂದ ತಲೆ ಎತ್ತಿ, "ಮಗಳ ಗಂಡ, ಬಾಯೆ. ಎಂತ ಸಂಶಯ?" ಎಂದರು. ನನ್ನ ಹದಿನಾಲ್ಕು ಪುಟ ಅಲ್ಲೇ, ಆ ಹೂಕುಂಡದಲ್ಲಿ ಬಿತ್ತು.

"ಮತ್ತೆ ಮದುವೆ ಎಲ್ಲಿ?" ಎಂದೆ.

"ಇತ್ತು. ಇಂಗ್ಲಿಷಿನಲ್ಲಿ ಮದುವೆಗೇ ಒಂದು ಅಧ್ಯಾಯ. ಊಟದ ವರ್ಣನೆಯೇ ಇಪ್ಪತ್ತು ಪುಟ. ಕಾಗದ ಸಾಲುವುದಿಲ್ಲ, ಹೇಗೂ ಅಳಿಯ ಎಂದು ಬರೆದಿದ್ದೀರಲ್ಲ ಎಂದು ಪ್ರೆಸ್ಸಿನವರು ತೆಗೆದು ಹಾಕಿದರು. ನಮ್ಮ ಕೊಂಕಣಿಯಲ್ಲಿ ಜಾಂವಂಯ್ ಬೇರೆ, ಭಾಚೊ ಬೇರೆ. ಮಗಳ ಗಂಡ ಒಬ್ಬ, ಅಕ್ಕನ ಮಗ ಇನ್ನೊಬ್ಬ. ಕನ್ನಡದ ಹೊಟ್ಟೆ ದೊಡ್ಡದು, ಇಬ್ಬರನ್ನೂ ಒಂದೇ ಶಬ್ದದಲ್ಲಿ ಕೂರಿಸಿತು."

ಪುಸ್ತಕ ಬಂದ ವರ್ಷ ಕುಂದಾಪುರದ ಒಂದು ಮದುವೆಯಲ್ಲಿ ಯಾರೋ ಅವರನ್ನು ಹಿಡಿದು ನಿಲ್ಲಿಸಿ, ಅಕ್ಕನ ಮಗ ಹಕ್ಕು ಬಿಟ್ಟುಕೊಟ್ಟದ್ದು ಓದಿ ಅತ್ತುಬಿಟ್ಟೆ ಎಂದರಂತೆ. ಮರುವಾರ ಧಾರವಾಡದಲ್ಲಿ ಇನ್ನೊಬ್ಬರು, ಅಳಿಯನೆಂದರೆ ಹೀಗಿರಬೇಕು, ನಮ್ಮನೆಯವನೂ ಇದ್ದಾನೆ ದಂಡಕ್ಕೆ ಎಂದರಂತೆ. "ಒಂದೇ ಸಲಕ್ಕೆ ಎರಡು ಪುಸ್ತಕ ಅನುವಾದ ಮಾಡಿದವಳು ನಾನೊಬ್ಬಳೇ ಇರಬೇಕು" ಎಂದು ಎಷ್ಟು ನಕ್ಕರೆಂದರೆ ಅವರ ನಾಯಿ ಬೊಗಳತೊಡಗಿತು.

ನಾನು ನಗಲಿಲ್ಲ. "ಹಾಗಾದರೆ ನಾನು ಓದಿದ್ದು ತಪ್ಪಾ?"

"ಓದುವಾಗ ನಿನಗೆ ಅಳು ಬಂತಾ?"

ಹೌದೆಂದೆ. (ಎಲ್ಲೂ ಹೇಳಿರಲಿಲ್ಲ. ಎಣ್ಣೆಯ ಕೊಡದ ಹತ್ತಿರ.)

"ಮತ್ತೆಂತ?" ಎಂದು ಕಾಫಿಗೆ ಒಳಗೆ ಕರೆದರು.

ತಿರುಗಿ ಬರುವ ಬಸ್ಸಿನಲ್ಲಿ ಕರಿಬಸವ ಮೆರೆಯುತ್ತಾನೆಂದು ಮುಖ ಗಂಟಿಕ್ಕಿ ಕೂತಿದ್ದೆ. ಅವನು ಮೆರೆಯಲಿಲ್ಲ. ಬೈಲೂರು ದಾಟಿದ ಮೇಲೆ ಹೇಳಿದ: "ನಿಮ್ಮ ತೇರಿಲ್ ದೊಡ್ಡಾವ್ರೀ. ತನ್ನದು ಅನ್ನೂದನ್ನ ಬಿಟ್ಟು ಹೋದ. ನಮ್ಮಾಂವ ತನ್ನದಲ್ಲದ್ದನ್ನ ಬಿಟ್ಟ, ಅದರಾಗ ಏನು ಹೆಚ್ಚು? ನಂಗ ನಿಮ್ಮ ಪುಸ್ತಕನ ಬೇಕು."

ನನಗೆ ರೇಗಿತು. ಗೆದ್ದವನು ಹೀಗೆ ಮಾತಾಡಬಹುದಾ? "ಹೆಚ್ಚಿಲ್ಲವಾ? ತನ್ನದಲ್ಲದ್ದು ಕೈಗೆ ಬಂದಾಗ ಬಿಟ್ಟವನನ್ನು ಒಬ್ಬನನ್ನು ತೋರಿಸಿ! ಇಡೀ ಸೈನ್ಯ ಹಿಂದೆ ನಿಂತಿರುವಾಗ! ನಿಮ್ಮವನೇ ದೊಡ್ಡವನು."

"ಅಲ್ರೀ, ನಿಮ್ಮಾಂವ!"

"ನಿಮ್ಮವನೇ!"

ಮುಂದಿನ ಸೀಟಿನ ಹೆಂಗಸು ತಿರುಗಿ, ಯಾರ ಬಗ್ಗೆ ಹೇಳುತ್ತಿದ್ದೀರಿ, ಇಬ್ಬರಿಗೂ ಬೇಡದ ಹುಡುಗನಾ ಎಂದು ಕೇಳಿದರು. ಮಣಿಪಾಲ ಹಿಂದೆ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಉಡುಪಿಯಲ್ಲಿ ಇಳಿದೆವು. ಅವನಿಗೆ ಮತ್ತೆ ಮೇಲೆ ಮಣಿಪಾಲಕ್ಕೆ ಹೋಗಬೇಕಿತ್ತು. ಹೋಗದೆ ಕೆಮ್ಮಣ್ಣಿನ ಬಸ್ಸು ಬರುವ ತನಕ ನಿಂತು ಜಗಳ ಮುಂದುವರಿಸಿದ. ಬಸ್ಸು ತಡವಾಗಿ ಬಂತು. ಒಳ್ಳೆಯದಾಯಿತು, ಹೇಳಬೇಕಾದದ್ದು ತುಂಬ ಇತ್ತು.

ಡಿಸೆಂಬರ್ ೪, ಬುಧವಾರ

ಹದಿನಾಲ್ಕು ಪುಟ ಹರಿದು ಒಂದೇ ಪುಟ ಬರೆದೆ. ಪ್ರತೀಕ್ ಓದಿ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡ.

"ಇದೆಂತ ಇದು? ‘ನಮ್ಮ ಅಳಿಯ ಯಾರು?’"

"ಶೀರ್ಷಿಕೆ."

"ಕರಪತ್ರಕ್ಕೆ ಪ್ರಶ್ನೆಚಿಹ್ನೆ ಇರಬಾರದು ಅಕ್ಷಿತಾ. ಕರಪತ್ರ ಅಂದರೆ ಉತ್ತರ. ‘ಎರಡೂ ಅರ್ಥದಲ್ಲಿ ಓದಿ, ಆಮೇಲೆ ನಮ್ಮೊಂದಿಗೆ ಜಗಳಕ್ಕೆ ಬನ್ನಿ’ ಅಂತ ಯಾವ ಚಳವಳಿ ಹೇಳಿದೆ? ಪುಸ್ತಕ ಕೆಟ್ಟದು ಅಂತ ಒಂದು ವಾಕ್ಯವೂ ಇಲ್ಲ."

"ನೀನು ಓದಿದ್ದೀಯಾ?"

"ಅಗತ್ಯವಿಲ್ಲ."

ಆದಿತ್ಯವಾರಕ್ಕೆ ಪ್ರಖ್ಯಾತ್ ಬರೆಯುತ್ತಾನಂತೆ. ನಾನು ಮಡಚಿಕೊಡಬೇಕಂತೆ.

ನಾಲ್ಕು ವರ್ಷ ಕಾದದ್ದು ಹೀಗೆ ಹೋಯಿತು. ಅಮ್ಮ ಊಟಕ್ಕೆ ಕರೆಯುತ್ತಿದ್ದಾರೆ. ಹಸಿವಿಲ್ಲ.

ಡಿಸೆಂಬರ್ ೫, ಗುರುವಾರ

ಮಡಚುವುದಿಲ್ಲ!

ಬೆಳಿಗ್ಗೆ ಪ್ರತೀಕನಿಗೆ ಹೇಳಿ ಬಂದೆ. ಕಿಡಿಯ ಹೆಸರು ಹಾಕಬೇಡ ಎಂದ. ಹಾಕುವುದಿಲ್ಲ, ನನ್ನ ಹೆಸರು ಉಂಟಲ್ಲ ಎಂದೆ. ಹೇಳಿದವಳೇ ರಸ್ತೆ ದಾಟಿ ಅಂಗಡಿಗೆ ಬಂದೆ.

ಆಲಿಸ್ ಬಾಯಿ ಕೇಳಿದ್ದು ಒಂದೇ: "ಕುರ್ಚಿಯ ವಿಷಯ ಬರೆದಿದ್ದೀಯಾ?" ಬರೆದಿದ್ದೆ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಇಂಜಿನಿಯರಿಂಗ್ ಮಕ್ಕಳ ಹಾಳಾದ ಪ್ರಾಜೆಕ್ಟ್ ವರದಿಗಳನ್ನು ತೋರಿಸಿ, ಹಿಂದಿನ ಬದಿ ಖಾಲಿ ಉಂಟು ಎಂದರು. ಹೀಗೆ ಒಂದು ಬದಿಯಲ್ಲಿ ಸೇತುವೆಯ ಕಂಬಗಳ ಭಾರದ ಲೆಕ್ಕ, ಇನ್ನೊಂದು ಬದಿಯಲ್ಲಿ ನಾನು. ಮೊದಲ ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂದಾಗ ಕೆನ್ನೆಗೆ ಒತ್ತಿಕೊಂಡೆ. ಶಾಯಿ ಅಂಟಿತು. ತೊಳೆಯಲಿಲ್ಲ, ಹಾಗೇ ಬಸ್ಸಿನಲ್ಲಿ ಬಂದೆ.

ಡಿಸೆಂಬರ್ ೮, ಆದಿತ್ಯವಾರ

ಎಲ್ಲಿಂದ ಶುರು ಮಾಡಲಿ!

ಕೂರಲು ಜಾಗ ಇರಲಿಲ್ಲ. ನಾನು ಬಾಗಿಲಲ್ಲಿ ಹಂಚಿದೆ, ಕರಿಬಸವ ಗೇಟಿನಲ್ಲಿ. ಪ್ರಖ್ಯಾತನ ಕರಪತ್ರವೂ ಬಂದಿತ್ತು, ದಪ್ಪ ಕಾಗದ, ‘ರಾಜರ ಕಥೆ ತಿರಸ್ಕರಿಸಿ’ ಎಂದು. ಜನ ಓದಿ ತಲೆಯಾಡಿಸಿ ಕಿಸೆಗೆ ಹಾಕಿಕೊಂಡರು. ನನ್ನದನ್ನು ಓದಿದವರು ಪಕ್ಕದವರತ್ತ ತಿರುಗಿದರು. ಅಷ್ಟೇ ಸಾಕಾಯಿತು. ಗಂಡ ಹೆಂಡತಿ ಜೊತೆಯಾಗಿ ಬಂದವರು ಬೇರೆ ಬೇರೆ ಸಾಲಿನಲ್ಲಿ ಕೂತರು! ಟೀಚರ್ ಹೇಳಿದ್ದನ್ನು ನಾನೇ ಎದ್ದು ಸಭೆಗೆ ತಿಳಿಸಿದೆ. ದೇವದಾಸಣ್ಣ ಎದ್ದು, "ಅನುವಾದ ಮಾಡಿದವರಿಗೆ ನಮಸ್ಕಾರ, ಅವರಿಗೆ ತಪ್ಪು ತಿಳಿದಿದೆ" ಎಂದದ್ದಕ್ಕೆ ಬಿದ್ದ ಚಪ್ಪಾಳೆ ಕಾಪುವಿನ ದೀಪಸ್ತಂಭದ ತನಕ ಕೇಳಿರಬೇಕು. ಒಬ್ಬ ಅಜ್ಜಿ ಎದ್ದು, ಓದಲು ಬರುವುದಿಲ್ಲ, ಆದರೆ ಆ ಹುಡುಗ ಎಣ್ಣೆ ಹೊಯ್ದನಾ ಇಲ್ಲವಾ, ಅದು ಹೇಳಿ ಎಂದರು. ಹೊಯ್ದ ಎಂದು ಎರಡೂ ಪಕ್ಷ ಒಟ್ಟಿಗೇ ಕೂಗಿತು.

ಪ್ರತೀಕ್ ಬಂದಿದ್ದ. ಹೋಗುವಾಗ ಯಾರಿಗೂ ಕಾಣದ ಹಾಗೆ, ಪುಸ್ತಕ ಎರಡು ದಿನಕ್ಕೆ ಸಿಗುತ್ತದಾ ಎಂದು ಕೇಳಿದ. ಸರತಿಯಲ್ಲಿ ಏಳನೆಯವನು ಎಂದೆ.

ಕತ್ತಲಾಗುವ ಮೊದಲು ಕರಿಬಸವ ಸ್ಕೂಟರಿನಲ್ಲಿ ಮನೆಗೆ ಬಿಟ್ಟ, ಯಾಕೆಂದರೆ ಉಳಿದ ಕರಪತ್ರಗಳ ಕಟ್ಟು ಬಸ್ಸಿನಲ್ಲಿ ಹಿಡಿದುಕೊಳ್ಳಲು ಕಷ್ಟ. (ಹನ್ನೊಂದು ಹಾಳೆ ಉಳಿದಿತ್ತು.) ಅಮ್ಮ ಅಂಗಳದಲ್ಲೇ ಇದ್ದರು. ಕಟ್ಟು ತೆಗೆದುಕೊಂಡು ಮೇಲಿನ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು:

"ನಮ್ಮ... ಅಳಿಯ... ಯಾರು?"

ಆಮೇಲೆ ಹಾಳೆಯ ಮೇಲಿನಿಂದ ಕರಿಬಸವನನ್ನು ನೋಡಿದರು. ಹೆಲ್ಮೆಟ್ಟಿನಿಂದ ಚಪ್ಪಲಿಯ ತನಕ, ನಿಧಾನವಾಗಿ.

"ಇವರಾ?"

ಕರಿಬಸವ ಹೆಲ್ಮೆಟ್ ತೆಗೆಯುವುದೋ ಹಾಕಿಕೊಳ್ಳುವುದೋ ತಿಳಿಯದೆ ಅರ್ಧಕ್ಕೆ ಹಿಡಿದು ನಿಂತಿದ್ದ. ಅದು ಕಾದಂಬರಿಯ ಒಂದು ಶಬ್ದ, ಅದಕ್ಕೆ ಎರಡು ಅರ್ಥ ಉಂಟು, ಇಲ್ಲಿ ಚರ್ಚೆಯಲ್ಲಿರುವುದು ಬೇರೆಯೇ ವಿಷಯ ಎಂದು ಅಮ್ಮನಿಗೆ ವಿವರಿಸಬೇಕಿತ್ತು. ಬಾಯಿಗೂ ಬಂದಿತ್ತು. ಆದರೆ ಇಡೀ ದಿನ ಮಾತಾಡಿ ಗಂಟಲು ಒಣಗಿತ್ತು, ಕಟ್ಟು ಒಳಗೆ ಇಡಬೇಕಿತ್ತು, ಚಹಾಕ್ಕೆ ನೀರು ಇಡಬೇಕಿತ್ತು.

ಮೂರು ಲೋಟ ನೀರು ಇಟ್ಟೆ.